ದುಂಬಾಲು ಬೀಳುವುದಕ್ಕೊಂದು ಇಂಗ್ಲಿಷ್ ಪದ

ಇಂಗ್ಲಿಷಿನಲ್ಲಿ 'ಇಂಪಾರ್ಚೂನ್' ಅಂತ ಒಂದು ಕ್ರಿಯಾಪದ ಇದೆ. ಬಿಡದೆ ಬೇಡುವುದು, ಎದುರಿನವರಿಗೆ ಸಾಕುಸಾಕಾಗುವಷ್ಟು ಕಾಡುವುದು. ನಮ್ಮ 'ದುಂಬಾಲು ಬೀಳು' ಇದಕ್ಕೆ ಹತ್ತಿರ. ಬೇರು ಲ್ಯಾಟಿನ್ನಿನದು, ಒಳಗೆ ಬಂದರು ಎಂಬರ್ಥದ 'ಪೋರ್ಟಸ್' ಕೂತಿದೆ. ಗಾಳಿ ಬಂದರಿನತ್ತ ಬೀಸಿದರೆ ಆಪರ್ಚುನಿಟಿ. ಇದು ಅದರ ಉಲ್ಟಾ.

ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ಬರುತ್ತಾಳೆ. ದೇವರಿಗೂ ಹೆದರದ ನ್ಯಾಯಾಧೀಶನ ಬಳಿಗೆ ನ್ಯಾಯ ಕೇಳಿಕೊಂಡು ಮತ್ತೆ ಮತ್ತೆ ಹೋಗುತ್ತಾಳೆ. ಕೊನೆಗೆ ಆತ ಮಣಿಯುತ್ತಾನೆ, ಕರುಣೆಯಿಂದಲ್ಲ, ಕಾಟ ತಾಳಲಾರದೆ! ಇಂಗ್ಲಿಷರು ಆಕೆಗೆ ಈ ಪದದ್ದೇ ವಿಶೇಷಣ ಅಂಟಿಸಿದ್ದಾರೆ. ಅಲ್ಲಿ ಅದು ಹೊಗಳಿಕೆ.

ಪೊಲೀಸರ ಕೈಗೆ ಸಿಕ್ಕಾಗ ಮಾತ್ರ ಪದ ಕೆಟ್ಟುಹೋಯಿತು. ಸಾರ್ವಜನಿಕ ಜಾಗದಲ್ಲಿ 'ಅನೈತಿಕ ಉದ್ದೇಶಕ್ಕೆ' ಪದೇಪದೇ ಇಂಪಾರ್ಚೂನ್ ಮಾಡುವ ಗಂಡಸು ಅಪರಾಧಿ ಎಂದಿತು ಇಂಗ್ಲೆಂಡಿನ 1898ರ ಕಾಯ್ದೆ. ಸಲಿಂಗಕಾಮಿ ಗಂಡಸರನ್ನು ಹಿಡಿಯಲು ಅದೇ ಅಸ್ತ್ರವಾಯಿತು. 1953ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದವರು ಮಹಾನಟ ಜಾನ್ ಗೀಲ್‌ಗುಡ್. ಅದೇ ವರ್ಷ 'ಸರ್' ಪದವಿ ಪಡೆದಿದ್ದವರು, ತಾನೊಬ್ಬ ಗುಮಾಸ್ತ ಎಂದು ಹೇಳಿಕೊಂಡರು, 10 ಪೌಂಡ್ ದಂಡ ಕಟ್ಟಿದರು. ಗುರುತು ಮುಚ್ಚಿಡಲಾಗಲಿಲ್ಲ, ಪತ್ರಿಕೆಗಳಲ್ಲಿ ಬಂತು. ಇನ್ನು ರಂಗಭೂಮಿ ಮುಗಿಯಿತು ಅಂದುಕೊಂಡೇ ಲಿವರ್‌ಪೂಲಿನಲ್ಲಿ ವೇದಿಕೆ ಹತ್ತಿದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಕಾನೂನಿಗೆ ಅಷ್ಟು ಅವಸರವಿರಲಿಲ್ಲ. ಆ ಅಪರಾಧವನ್ನು ಪುಸ್ತಕದಿಂದ ತೆಗೆದದ್ದು 2003ರ ಕಾಯ್ದೆ.