ತಾರೆ ಮರದ ತುದಿಗೆ ಹೆಜ್ಜೇನು

ಬಿಳಿಗಿರಿರಂಗನ ಬೆಟ್ಟ. ಅಮಾವಾಸ್ಯೆಯ ಆಸುಪಾಸಿನ ಕತ್ತಲು. ಎದುರಿಗೆ ನೂರಡಿಯ ತಾರೆ ಮರ. ಬೊಡ್ಡೆ ತೋಳಿಗೆ ಸಿಗದು, ಕೈಗೆಟುಕುವ ಕೊಂಬೆಯಿಲ್ಲ. ಈ ಕಾಡಿನ ಬುಡಕಟ್ಟಿನವನಾದ ಸೋಲಿಗ ಸೊಂಟಕ್ಕೆ ಕತ್ತಿ ಸಿಕ್ಕಿಸುತ್ತಾನೆ. ಬಿದಿರಿನ ಗೂಟ ಬಡಿಯುತ್ತಾನೆ, ಕಾಲೂರುತ್ತಾನೆ, ಮೇಲೊಂದು ಬಡಿಯುತ್ತಾನೆ. ಗೂಟ ಸಡಿಲವಾಯಿತೋ, ಮುಗಿಯಿತು.

ಮೇಲೆ ತೂಗುತ್ತಿದೆ ಹೆಜ್ಜೇನಿನ ಹುಟ್ಟು. ಎರಿ ಒಂದೇ, ಅಗಲ ಮೂರಡಿ ಮುಟ್ಟೀತು. ಅದರ ಮೈತುಂಬ ಸಾವಿರಾರು ಹುಳುಗಳ ಪರದೆ. ಕೆಣಕಿದರೆ ಆ ಪರದೆಯ ಮೇಲೆ ಅಲೆ ಹರಿಯುತ್ತದೆ. ಅದು ಎಚ್ಚರಿಕೆ. ಒಂದು ಕುಟುಕಿತೆಂದರೆ ಅದರ ವಾಸನೆ ಹಿಡಿದು ಉಳಿದವೂ ಮುಗಿಬೀಳುತ್ತವೆ. ಅಷ್ಟೆತ್ತರದಲ್ಲಿ ಓಡುವುದಾದರೂ ಎಲ್ಲಿಗೆ?

ಅವನು ಓಡುವುದಿಲ್ಲ. ಹಸಿ ಸೊಪ್ಪು ಸುತ್ತಿದ ದೊಂದಿಯನ್ನು ಕೊಂಬೆಗೆ ತಟ್ಟುತ್ತಾನೆ. ಹೊಗೆ ಕವಿಯುತ್ತದೆ, ಕಿಡಿ ಉದುರುತ್ತದೆ. ರೊಚ್ಚಿಗೆದ್ದ ಹುಳುಗಳು ಕಿಡಿಯ ಬೆನ್ನುಹತ್ತಿ ಕೆಳಕ್ಕೆ ಧುಮುಕುತ್ತವೆ. ಬೆಳದಿಂಗಳಿದ್ದಿದ್ದರೆ ಅವನನ್ನೇ ಹುಡುಕಿ ಬರುತ್ತಿದ್ದವು. ಕತ್ತಲೇ ಅವನ ಗುರಾಣಿ. ಕತ್ತಿ ಆಡಬೇಕಾದದ್ದು ಈಗಲೇ!

ಕೊಂಬೆಗಂಟಿದ ದಪ್ಪ ಭಾಗದಲ್ಲಿ ತುಪ್ಪ, ಕೆಳಗೆ ಮರಿ. ಕಣ್ಣಿಗೆ ಹೊಗೆ ತುಂಬಿದ್ದರೂ ಬೆರಳಿಗೆ ಆ ಗಡಿ ಗೊತ್ತು. ಕೊಯ್ಯುತ್ತಾನೆ. ಡಬ್ಬಿ ಹಗ್ಗದಲ್ಲಿ ಇಳಿಯುತ್ತದೆ. ಬುಡದಲ್ಲಿದ್ದವರು ಹಿಡಿಯುತ್ತಾರೆ. ಅವರ ಕಿವಿ ಮಾತ್ರ ಪೊದೆಯ ಕಡೆಗೆ: ಕರಡಿಗೂ ಜೇನೆಂದರೆ ಪ್ರಾಣ, ಆನೆಗೆ ಇದು ದಾರಿ.

ಪಕ್ಕದ ನೀಲಗಿರಿಯ ಕುರುಂಬರು ಬಂಡೆಜೇನಿಗೆ ಬಳ್ಳಿಯೇಣಿ ಇಳಿಬಿಡುತ್ತಾರೆ. ಮೇಲೆ ಅದನ್ನು ಕಾಯುವವನು ಇಳಿದವನ ಹೆಂಡತಿಯ ಅಣ್ಣನೋ ತಮ್ಮನೋ. ಒಡಹುಟ್ಟಿದವಳ ತಾಳಿ ಆ ಏಣಿಯಲ್ಲಿ ನೇತಾಡುತ್ತಿರುವಾಗ ಅವನ ಹಿಡಿತ ಸಡಿಲವಾದೀತೆ? ಇದಕ್ಕಿಂತ ಗಟ್ಟಿ ವಿಮೆಯನ್ನು ನಾನು ಕಂಡಿಲ್ಲ.

ಮರ ಮಣಿಸದ ಸೋಲಿಗರನ್ನು ಕಾನೂನು ಮಣಿಸಲು ನೋಡಿತು. 1974ರಲ್ಲಿ ಕಾಡು ವನ್ಯಧಾಮವಾಯಿತು. ಬೇಟೆ ನಿಂತಿತು, ಅಲೆದಾಡಿ ಮಾಡುವ ಬೇಸಾಯ ನಿಂತಿತು, ಬೇಸಿಗೆಯಲ್ಲಿ ತರಗೆಲೆಗೆ ಹಚ್ಚುತ್ತಿದ್ದ ಬೆಂಕಿ ಆರಿತು. ನೆಲಕ್ಕೆ ಲಾಂಟಾನ ಪೊದೆ ನುಗ್ಗಿ ಗೆಣಸು ಅಗೆಯುವ ಜಾಗವನ್ನೂ ಮುಚ್ಚಿತು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. ಅದರ ಬೆನ್ನಿಗೆ ಜೇನು ಕಿತ್ತು ಮಾರುವುದಕ್ಕೂ ತಡೆ ಬಿತ್ತು. ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಕೈಗೆ ಬರುತ್ತಿದ್ದ ಕಾಸು ನಿಂತಿತು.

ಅವರು ಕಾಡು ಬಿಡಲಿಲ್ಲ. ಹಳೆಯ ನೆಲೆ, ದೇವರ ಜಾಗ, ಗೋರಿಗಳನ್ನು ನಕ್ಷೆಗೆ ಇಳಿಸಿದರು. ಕಾಡಿನ ಹಕ್ಕಿಗೆ ಅರ್ಜಿ ಹಾಕಿದರು, ಕಾದರು. 2011ರ ಆರಂಭದಲ್ಲಿ ಅದೇ ಕಾಡು ಹುಲಿ ಮೀಸಲು ಪ್ರದೇಶವಾಯಿತು. ಇನ್ನೇನು, ಬಾಗಿಲು ಮುಚ್ಚಿತು ಎನ್ನಬೇಕು.

ಅದೇ ವರ್ಷದ ಅಕ್ಟೋಬರ್ 2. ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳ ಕೈಗೆ ಸಮುದಾಯ ಹಕ್ಕುಪತ್ರ ಬಂತು. ದೇಶದ ಹುಲಿ ಮೀಸಲುಗಳಲ್ಲೇ ಮೊದಲು! ಹೆಜ್ಜೇನು ಕೀಳುವುದು ಈಗ ಕಳ್ಳತನವಲ್ಲ, ಹಕ್ಕು.