ಮೂಲೆಗೆ ಹಚ್ಚಿದ ಅರಿಶಿನ

ಕಾಗದ ಕೈಗೆ ಬಂದರೆ ನಮ್ಮ ಕಡೆ ಯಾರೂ ಮೊದಲು ಅಕ್ಷರ ನೋಡುವುದಿಲ್ಲ, ಮೂಲೆ ನೋಡುತ್ತಾರೆ. ಅರಿಶಿನ ಕಂಡರೆ ‘ಯಾರ್ ಮನೆ ಮದ್ವೆ?’ ಅಂತ ಮುಖ ಅರಳುತ್ತದೆ. ಕಾಣದಿದ್ದರೆ ‘ಅಯ್ಯೋ, ಯಾರಪ್ಪ ಹೋದೋರು?’ ಅಂದುಕೊಂಡೇ ಬಿಚ್ಚುತ್ತಾರೆ. 1998ರಿಂದ ಹುಣಸೂರಿನಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡು ಮದುವೆಯನ್ನೂ ತಿಥಿಯನ್ನೂ ಒಂದೇ ಕೀಬೋರ್ಡಿನಲ್ಲಿ ಕುಟ್ಟಿದವನು ನಾನು. ಎರಡರಲ್ಲೂ ಅದೇ ಊರು, ಅದೇ ನೆಂಟರ ಪಟ್ಟಿ, ಊಟದ ಹೊತ್ತೂ ಹೆಚ್ಚುಕಡಿಮೆ ಅದೇ. ಓದುವ ಮುಂಚೆಯೇ ಇದು ಎಂಥ ಕಾಗದ ಅಂತ ಹೇಳುವ ಜವಾಬ್ದಾರಿ ಪಾಪ ಆ ಚಿಟಿಕೆ ಅರಿಶಿನದ ಮೇಲೆ.

ಕಂಪ್ಯೂಟರಿನವರು ಮಾರ್ಕಪ್ ಅನ್ನುವುದು ಇದನ್ನೇ. ಆ ಹೆಸರು ಕೇಳಿ ಹೆದರುವವರು ಬೇರೆ ಊರಿನವರಿರಬೇಕು. ಹುಣಸೂರಿನವರಿಗೆ ಗುರುತು ಹಾಕುವುದು ಹೊಸದಲ್ಲ. ಟಿಂಬರ್ ಡಿಪೋದಲ್ಲಿ ಸಾಲಾಗಿ ಬಿದ್ದ ದಿಮ್ಮಿಗಳ ತಲೆಯ ಮೇಲೆ ನಂಬರು, ಪಕ್ಕದಲ್ಲಿ ಸುತ್ತಿಗೆಯ ಮುದ್ರೆ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಒಂದೊಂದು ಬೇಲಿನ ಮೇಲೂ ಒಂದು ಚೀಟಿ: ಯಾವ ರೈತನದು, ಎಷ್ಟು ತೂಕ, ಯಾವ ಗ್ರೇಡು. ಕರ್ನಾಟಕದಲ್ಲಿ ತಂಬಾಕು ಮಂಡಳಿ ಹರಾಜು ಶುರುಮಾಡಿದ್ದು 1984ರಲ್ಲಿ. ಅಲ್ಲಿಂದೀಚೆಗೆ ನಮ್ಮ ಕಡೆ ಎಷ್ಟು ಮನೆ ಎದ್ದವು, ಎಷ್ಟು ಮನೆ ಸಾಲಕ್ಕೆ ಬಿದ್ದವು ಅನ್ನುವುದೆಲ್ಲ ಅಂಥ ಚೀಟಿಗಳಲ್ಲಿ ಬರೆದದ್ದೇ. ಚೀಟಿ ಕಿತ್ತು ಬಿಸಾಕಿದರೆ ಸೊಪ್ಪು ಸೊಪ್ಪಾಗಿಯೇ ಇರುತ್ತದೆ, ಯಾರದು ಅಂತ ಮಾತ್ರ ಹೇಳಲಾಗುವುದಿಲ್ಲ.

ಮಾರ್ಕಪ್ ಅನ್ನುವ ಮಾತು ಹುಟ್ಟಿದ್ದು ಅಚ್ಚುಕೂಟದಲ್ಲಿ. ಅಂಗಡಿ ಇಡುವ ಮುಂಚೆ ನಾನು ಎರಡು ವರ್ಷ ಟ್ರೆಡಲ್ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನು. ಕರಡು ತಿದ್ದುವ ಮೇಷ್ಟ್ರು ಕೆಂಪು ಶಾಯಿಯಲ್ಲಿ ಪದದ ಕೆಳಗೆ ಡೊಂಕು ಗೆರೆ ಎಳೆದರೆ ಅದು ದಪ್ಪಕ್ಷರ, ನೆಟ್ಟಗಿನ ಗೆರೆ ಎಳೆದರೆ ಓರೆ ಅಕ್ಷರ. ಆ ಗೆರೆಗಳನ್ನು ನಾವು ಅಚ್ಚು ಮಾಡುತ್ತಿರಲಿಲ್ಲ, ಅವು ನಮಗೆ ಕೊಟ್ಟ ಅಪ್ಪಣೆ. ಒಂದು ಸಲ ಮಾತ್ರ, ಮೇಷ್ಟ್ರು ಅಂಚಿನಲ್ಲಿ ಬರೆದಿದ್ದ ‘ಇದು ಸರಿಯೇ? ಕೇಳಿ ನೋಡು’ ಅನ್ನುವುದನ್ನೂ ನಾನು ಭಕ್ತಿಯಿಂದ ಜೋಡಿಸಿಬಿಟ್ಟೆ. ಒಂದು ಸಂಘದ ವಾರ್ಷಿಕ ವರದಿಯಲ್ಲಿ, ಖರ್ಚಿನ ಬಾಬ್ತಿನ ಕೆಳಗೇ ಅದು ಅಚ್ಚಾಯಿತು. ಸಭೆಯಲ್ಲಿ ಏನಾಯಿತೆಂದು ನಾನು ವಿಚಾರಿಸಲು ಹೋಗಲಿಲ್ಲ.

ಕಂಪ್ಯೂಟರ್ ಅಂಥ ಶಿಷ್ಯನೇ, ಬರೆದದ್ದನ್ನೆಲ್ಲ ಅಚ್ಚು ಮಾಡುತ್ತದೆ. ಅಪ್ಪಣೆ ಯಾವುದು, ಮಾತು ಯಾವುದು ಅಂತ ಅದಕ್ಕೆ ಬೇಲಿ ಹಾಕಿ ತೋರಿಸಬೇಕು. 1969ರಲ್ಲಿ ಐಬಿಎಂನಲ್ಲಿ ಗೋಲ್ಡ್‌ಫಾರ್ಬ್, ಮೋಷರ್, ಲೋರಿ ಎಂಬ ಮೂವರು ಕಾನೂನು ಕಾಗದಪತ್ರಗಳಿಗಾಗಿ ಅಂಥ ಒಂದು ಪದ್ಧತಿ ಮಾಡಿದರು. ಹೆಸರು ಜಿಎಂಎಲ್, ಮೂವರ ಹೆಸರಿನ ಮೊದಲ ಅಕ್ಷರ ಅದರೊಳಗೇ ಕೂತಿದೆ. ಕೆ.ಆರ್. ನಗರದ ಕಡೆ ಪಾಲುದಾರರು ಸೇರಿ ರೈಸ್‌ಮಿಲ್ಲಿಗೆ ಹೆಸರಿಟ್ಟಂತೆ! ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಜಾಡಿನಲ್ಲೇ ಜಿನೀವಾದ ಸರ್ನ್ ಸಂಸ್ಥೆಯ ಟಿಮ್ ಬರ್ನರ್ಸ್-ಲೀ ವೆಬ್ ಪುಟಗಳಿಗಾಗಿ ಎಚ್‌ಟಿಎಂಎಲ್ ಕಟ್ಟಿದರು. 1993ರ ಏಪ್ರಿಲ್ 30ರಂದು ಸರ್ನ್, ವೆಬ್‌ನ ತಂತ್ರಾಂಶವನ್ನು ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲ ಅನ್ನುವವರು ಇದನ್ನೊಂದು ನೆನೆಯಬೇಕು.

ನನಗೆ ಈ ಗುರುತು ಹಾಕುವುದರ ಬೆಲೆ ತಿಳಿದದ್ದು ಒಂದು ಮುಹೂರ್ತದಿಂದ. ಕಾರ್ಡಿನಲ್ಲಿ 9.15 ಅಂತ ಸರಿಯಾಗಿಯೇ ಹೊಡೆದಿದ್ದೆ. ಫ್ಲೆಕ್ಸಿಗೆ ಇನ್ನೊಮ್ಮೆ ಟೈಪ್ ಮಾಡುವಾಗ 10.15 ಆಯಿತು. ಪಿರಿಯಾಪಟ್ಟಣದ ಛತ್ರದ ಬಾಗಿಲಲ್ಲಿ ಹತ್ತಡಿ ಫ್ಲೆಕ್ಸು ನೋಡಿದ ಗಂಡಿನ ಸೋದರಮಾವ, ಇನ್ನೂ ಟೈಮಿದೆ ಅಂತ ಕಾಫಿಗೆ ಹೋದರು. ಬರುವಷ್ಟರಲ್ಲಿ ಧಾರೆ ಮುಗಿದಿತ್ತು. ‘ಏನಣ್ಣ, ನಿನ್ ಅಂಗ್ಡೀಲಿ ಒಂದೇ ಮದ್ವೆಗೆ ಎಲ್ಡು ಮುಹೂರ್ತನಾ?’ ಅಂತ ಹೆಣ್ಣಿನ ತಂದೆ ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ದುಡ್ಡು ಕೊಟ್ಟರು, ಮಾತು ಬಿಟ್ಟರು.

ಎಕ್ಸ್‌ಎಂಎಲ್ ಎಂಬುದೊಂದಿದೆ, 1998ರದ್ದು. ನನ್ನ ಅಂಗಡಿಯ ಓರಗೆ. ಅದರಲ್ಲಿ ಗುರುತಿನ ಹೆಸರನ್ನು ನಾವೇ ಇಟ್ಟುಕೊಳ್ಳಬಹುದು, ಕನ್ನಡದಲ್ಲೇ ಇಡಬಹುದು. ಎರಡು ಮೂಲೆಕಂಸದ ನಡುವೆ ‘ಮುಹೂರ್ತ’ ಅಂತ ಬರೆದು, ಮುಂದೆ ಹೊತ್ತು ಬರೆದು, ಅಡ್ಡಗೀಟಿನ ಜೊತೆ ಮತ್ತೆ ‘ಮುಹೂರ್ತ’ ಅಂದರೆ ಬೇಲಿ ಮುಚ್ಚಿತು. ವರ, ವಧು, ಸ್ಥಳ, ಸುಖಾಗಮನ ಬಯಸುವವರು, ಎಲ್ಲರಿಗೂ ಒಂದೊಂದು ಬೇಲಿ. ಹೊತ್ತು ಬರೆಯುವುದು ಒಂದೇ ಸಲ. ಕಾರ್ಡಿಗೂ ಫ್ಲೆಕ್ಸಿಗೂ ವಾಟ್ಸಾಪಿಗೂ ಅಲ್ಲಿಂದಲೇ ಹೋಗುತ್ತದೆ. ತಪ್ಪಾದರೆ ಎಲ್ಲ ಕಡೆಯೂ ಒಂದೇ ತಪ್ಪು. ಸೋದರಮಾವನೂ ಎಲ್ಲರ ಜೊತೆಯಲ್ಲೇ ಕಾಫಿ ಕುಡಿಯುತ್ತಾನೆ.

ಇದರ ನೆಂಟರಿಷ್ಟರು ಎಲ್ಲೆಲ್ಲಿ ಹರಡಿದ್ದಾರೆ ಅಂತ ಹುಡುಕುತ್ತ ಹೋದರೆ ಒಕ್ಕಲಿನ ವಂಶಾವಳಿಯ ಹಾಗೆ ಮುಗಿಯುವುದೇ ಇಲ್ಲ. ಲೆಕ್ಕದ ಸಮೀಕರಣಕ್ಕೆ ಮ್ಯಾಥ್‌ಎಂಎಲ್, ಗೆರೆಚಿತ್ರಕ್ಕೆ ಎಸ್‌ವಿಜಿ, ನಕ್ಷೆಗೆ ಕೆಎಂಎಲ್. ಲಿಬ್ರೆಆಫೀಸಿನ ಕಡತದ ಹೆಸರಿನ ಬಾಲ ಬದಲಿಸಿ ಜಿಪ್ ಅಂತ ಮಾಡಿ ಬಿಚ್ಚಿ ನೋಡಿ, ಒಳಗಿರುವುದೂ ಎಕ್ಸ್‌ಎಂಎಲ್ಲೇ. ಹಲಸಿನ ಹಣ್ಣು ಸೀಳಿದಂತೆ ತೊಳೆತೊಳೆಯಾಗಿ ಕಾಣುತ್ತದೆ. ಕಲ್ಲಿನ ಶಾಸನಗಳಿಗೂ ಒಂದಿದೆ, ಎಪಿಡಾಕ್ ಅಂತ: ಸವೆದ ಅಕ್ಷರ ಯಾವುದು, ವಿದ್ವಾಂಸರು ಊಹಿಸಿ ತುಂಬಿದ್ದು ಯಾವುದು, ಎಲ್ಲಕ್ಕೂ ಬೇರೆ ಬೇರೆ ಗುರುತು. ಇದನ್ನು ಕೇಳಿದಾಗ ನನಗೆ ನಗು ಬಂತು. ‘ಸ್ವಸ್ತಿ ಶ್ರೀ’ ಅಂತ ತೆರೆದು ‘ಮಂಗಳ ಮಹಾಶ್ರೀ’ ಅಂತ ಮುಚ್ಚುತ್ತಿದ್ದ ನಮ್ಮ ಶಾಸನದವರಿಗೆ ಬೇಲಿ ಹಾಕುವುದನ್ನು ಯಾರು ಕಲಿಸಬೇಕಿತ್ತು?

ಹೀಗೆ ಗುರುತು ಹಾಕಲು ಕಲಿಸಿದವರ ಪೈಕಿ ನನಗೆ ತುಂಬ ಹಿಡಿಸಿದವರು ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್. ತಮ್ಮ ಪುಸ್ತಕದ ಹೊಸ ಮುದ್ರಣದ ಕರಡು 1977ರಲ್ಲಿ ಕೈಗೆ ಬಂದಾಗ ಅಕ್ಷರಗಳ ಅಂದಗೇಡಿತನ ನೋಡಿ ಅವರಿಗೆ ತಡೆಯಲಾಗಲಿಲ್ಲ. ಬರೆಯುತ್ತಿದ್ದ ಪುಸ್ತಕ ಪಕ್ಕಕ್ಕಿಟ್ಟು ಅಕ್ಷರ ಜೋಡಿಸುವ ಟೆಕ್ ಎಂಬ ತಂತ್ರಾಂಶವನ್ನೇ ಕಟ್ಟಲು ಕೂತು, ಹತ್ತಿರ ಹತ್ತಿರ ಹತ್ತು ವರ್ಷ ಅದಕ್ಕೇ ಸುರಿದು, ಕೊನೆಗೆ ಎಲ್ಲರಿಗೂ ಕೊಟ್ಟುಬಿಟ್ಟರು. ತಪ್ಪು ತೋರಿಸಿದವರಿಗೆ ಚೆಕ್ಕು ಬೇರೆ! ನನ್ನ ಅಂಗಡಿಯಲ್ಲಿ ಆ ಪದ್ಧತಿ ಇದ್ದಿದ್ದರೆ ನಾನೂ ಹೊಗೆಸೊಪ್ಪಿನ ರೈತರ ಹಾಗೆ ಸಾಲಮನ್ನಾಕ್ಕೆ ಅರ್ಜಿ ಹಾಕಬೇಕಿತ್ತು.

ಎಲ್ಲರಿಗೂ ಕೊಡುವುದು ಅಂದೆನಲ್ಲ, ಹಾಗೆ ಕೊಡದೆ ಹೋದರೆ ಆಗುವ ಸಂಕಟವೂ ನನಗೆ ಗೊತ್ತು. 1999ರಲ್ಲಿ ಹಳ್ಳಿಯೊಂದರ ಶಾಲೆಯ ಸ್ಮರಣಸಂಚಿಕೆ ಮಾಡಿದ್ದೆ. ಆಗ ಕೈಗೆ ಸಿಕ್ಕ ತಂತ್ರಾಂಶ, ಆಗಿನ ಫಾಂಟು. ಈಚೆಗೆ ಆ ಊರಿನ ಹುಡುಗನೊಬ್ಬ ಬಂದು ‘ಅಣ್ಣ, ನಮ್ ತಾತ ಬರ್ದಿದ್ ಲೇಖನ ಅದ್ರಲ್ಲೈತಂತೆ’ ಅಂದ. ಫ್ಲಾಪಿಯಿಂದ ಸೀಡಿಗೆ, ಸೀಡಿಯಿಂದ ಪೆನ್‌ಡ್ರೈವಿಗೆ ಇಳಿಸುತ್ತ ಬಂದಿದ್ದ ಕಡತ ತೆರೆದೆ. ಪುಟವಿನ್ಯಾಸದ ತಂತ್ರಾಂಶ ಮಾಡಿದವರು ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿದೆ. ಬಲವಂತವಾಗಿ ತೆರೆದರೆ ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಟೋಪಿ, ಚುಕ್ಕೆ, ಗೀಟು, ಕನ್ನಡದ ಒಂದಕ್ಷರವಿಲ್ಲ. ಹುಡುಗ ಅದನ್ನೇ ಸ್ವಲ್ಪ ಹೊತ್ತು ನೋಡಿದ. ‘ಇದೇನಾ ತಾತ ಬರ್ದಿದ್ದು?’ ಅಂದ. ಯೂನಿಕೋಡಿಗೆ ಬದಲಿಸುವ ತಂತ್ರಾಂಶ ಹಾಕಿ, ಎರಡು ರಾತ್ರಿ ಕೂತು ಒತ್ತಕ್ಷರ ತಿದ್ದಿ ಕೊಟ್ಟೆ. ಶೀರ್ಷಿಕೆ ಯಾವುದು, ತಾತನ ಮಾತು ಯಾವುದು, ಪಕ್ಕದ ರಸಗೊಬ್ಬರದಂಗಡಿಯ ಜಾಹೀರಾತು ಯಾವುದು ಅಂತ ಬಿಡಿಸುವುದೇ ದೊಡ್ಡ ಕೆಲಸವಾಯಿತು; ಎಲ್ಲ ಬರೀ ದಪ್ಪ, ಸಣ್ಣ, ದೊಡ್ಡ.

ಆ ಹುಡುಗ ಈಗ ವಿಕಿಪೀಡಿಯದಲ್ಲಿ ತನ್ನೂರಿನ ಬಗ್ಗೆ ಬರೆಯುತ್ತಿದ್ದಾನೆ. ಎರಡೆರಡು ಸಮಚಿಹ್ನೆಯ ನಡುವೆ ಬರೆದರೆ ಶೀರ್ಷಿಕೆ, ಜೋಡಿ ಚೌಕಕಂಸದಲ್ಲಿ ಬರೆದರೆ ಇನ್ನೊಂದು ಪುಟಕ್ಕೆ ದಾರಿ. ಹತ್ತು ನಿಮಿಷದಲ್ಲಿ ಕಲಿತ. ಲಕ್ಷ್ಮಣತೀರ್ಥ ಎಂಬ ಹೆಸರಿಗೆ ಚೌಕಕಂಸ ಮುಚ್ಚುವುದನ್ನು ಮರೆತಿದ್ದ. ಪುಟದಲ್ಲಿ ಕಂಸ ಹಾಗೇ ಬಾಯಿಬಿಟ್ಟುಕೊಂಡು ನಿಂತಿತ್ತು. ತೋರಿಸಿದೆ, ನಾಲಗೆ ಕಚ್ಚಿಕೊಂಡ.

ಈಗೀಗ ಮದುವೆ ಕಾರ್ಡಿನ ಮೂಲೆಗೆ ಹಳದಿ ಬಣ್ಣವನ್ನು ನಾವೇ ಅಚ್ಚು ಮಾಡಿ ಕೊಡುತ್ತೇವೆ, ಜನಕ್ಕೆ ಕೈ ಕೊಳೆಯಾಗುವುದು ತಪ್ಪಲಿ ಅಂತ. ಮೊನ್ನೆ ಹೆಗ್ಗಡದೇವನಕೋಟೆ ಕಡೆಯ ಅಜ್ಜಿಯೊಬ್ಬರು ಮಗನ ಜೊತೆ ಬಂದು ಐನೂರು ಕಾರ್ಡು ತೆಗೆದುಕೊಂಡರು. ಮೇಲಿನದೊಂದನ್ನು ಬೆಳಕಿಗೆ ಹಿಡಿದು ನೋಡಿ ‘ಚೆಂದಾಗದೆ ಕಣಪ್ಪ’ ಅಂದರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ, ಅಚ್ಚಾದ ಹಳದಿಯ ಮೇಲೇ ಒಂದೊಂದು ಮೂಲೆಗೂ ಅರಿಶಿನ ಹಚ್ಚತೊಡಗಿದರು.