ಕರೆಂಟು ಹೋದಾಗಿನ ಪಾಂಡು

ಹಾಸ್ಯ ಧಾರಾವಾಹಿಗಳಿಗೆ ಒಂದು ಚಟವಿದೆ. ಕಂತುಗಳು ನೂರಾರು ದಾಟಿದವೋ, ಒಂದು ದಿನ ಕಥೆಗೆ ರಜೆ ಕೊಟ್ಟು, ಪಾತ್ರಗಳೆಲ್ಲ ಸೋಫಾದ ಮೇಲೆ ಸಾಲಾಗಿ ಕೂತು 'ಆವತ್ತು ನೆನಪಿದೆಯಾ?' ಎಂದು ಶುರುಮಾಡುತ್ತವೆ. ನಿನ್ನೆಯ ಅನ್ನಕ್ಕೆ ಒಗ್ಗರಣೆ ಹಾಕಿದ ಹಾಗೆ ಹಳೆಯ ತುಣುಕುಗಳನ್ನೇ ಬಡಿಸುತ್ತಾರೆ. ಒಗ್ಗರಣೆ ಅನ್ನವನ್ನು ಬೇಡ ಅನ್ನುವ ಜಾತಿ ನಂದಲ್ಲ. ಆದರೆ ಒಳ್ಳೆಯ ತುಣುಕು ಯಾವುದೆಂದು ಆರಿಸುವವರು ಯಾರು ಎನ್ನುವುದೇ ನನ್ನ ತಕರಾರು.

ಶಿವಮೊಗ್ಗದ ರವೀಂದ್ರನಗರದ ನಮ್ಮ ಬೀದಿಯನ್ನು ಕೇಳಿದ್ದರೆ 'ಪಾ ಪ ಪಾಂಡು'ವಿನ ಪಟ್ಟಿಯೇ ಬೇರೆಯಾಗುತ್ತಿತ್ತು. 2000ದ ಕೊನೆಯಲ್ಲಿ ಈಟಿವಿ ಕನ್ನಡ ಶುರುವಾಯಿತು. ಆಮೇಲೆ ಸಿಹಿಕಹಿ ಚಂದ್ರು ನಿರ್ದೇಶನದ ಪಾಂಡು ಮನೆಮನೆಗೆ ಬಂದ. (ಚಂದ್ರು, ಅವರ ಹೆಂಡತಿ ಗೀತಾ ಇಬ್ಬರಿಗೂ ಆ 'ಸಿಹಿಕಹಿ' ಅಂಟಿದ್ದು ದೂರದರ್ಶನದ ಕಾಲದ ಧಾರಾವಾಹಿಯಿಂದ. ಧಾರಾವಾಹಿ ಮುಗಿಯಿತು, ಹೆಸರು ಅವರ ಮನೆಯಲ್ಲೇ ಸಂಸಾರ ಹೂಡಿತು.) ಚಿದಾನಂದ್ ಪಾಂಡು, ಶಾಲಿನಿ ಅವನ ಹೆಂಡತಿ ಶ್ರೀಮತಿ. ಶ್ರೀಮತಿಯ ಕೈಯಿಂದ ಪಾಂಡುವಿಗೆ ಏಟು ಬಿದ್ದರೆ ಎದುರುಮನೆ ಅಜ್ಜಿಗೆ ಅವತ್ತು ಊಟ ಸೇರುತ್ತಿತ್ತು. 'ಇದು ಅತಿಯಾಯ್ತು' ಎಂದು ಬೀದಿಯ ಗಂಡಸರು ಗೊಣಗುತ್ತಿದ್ದರು. ಉಳಿದ ಧಾರಾವಾಹಿಗಳಲ್ಲಿ ಹೆಂಗಸರು ತಿಂದ ಪೆಟ್ಟಿನ ಲೆಕ್ಕ ಅಜ್ಜಿಯ ಹತ್ತಿರ ಇತ್ತು.

ಮಳೆಗಾಲದ್ದೇ ಕಷ್ಟ. ತುಂಗೆ ಏರಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಎಂಬ ಸುದ್ದಿ ಬಂದ ದಿನ ಪಾಂಡುವೂ ಮುಳುಗಿದಂತೆಯೇ. ಬಾಗಿಲು ತಟ್ಟಿದ್ದು ಯಾರು ಎಂದು ಅವನು ತಿರುಗಿ ನೋಡುವ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಮುಂದಿನದೆಲ್ಲ ಬೆಳಿಗ್ಗೆ ಅಜ್ಜಿಯ ಬಾಯಿಂದ, ಗಣಪತಿಗೆಂದು ದಾಸವಾಳ ಕೀಳುವಾಗ.

ಅದರಲ್ಲೊಂದು ಕಂತು ಬೀದಿಗೆಲ್ಲ ಬಾಯಿಪಾಠ. ಶ್ರೀಮತಿಗೆ ಹೆದರಿದ ಪಾಂಡು ಗಣಪತಿ ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಅಡಗುತ್ತಾನೆ. ಭಕ್ತರು ಅವನನ್ನೇ ಕಾಯುವವನೆಂದು ತಿಳಿದು ಜೋಡಿ ಮೇಲೆ ಜೋಡಿ ಕೈಗೆ ಕೊಟ್ಟು ಟೋಕನ್ ಕೇಳುತ್ತಾರೆ. ಕೊನೆಗೆ ಬಂದು ಚಪ್ಪಲಿ ಚಾಚಿದವಳು ಶ್ರೀಮತಿ! 'ಟೋಕನ್ ಬೇಡ, ಅಲ್ಲೇ ಹಿಡ್ಕೊಂಡಿರಿ' ಅಂದಳಂತೆ.

'ಸಿಲ್ಲಿ ಲಲ್ಲಿ' ಧಾರಾವಾಹಿಗೂ ಇದೇ ಉಪಚಾರ. ರವಿಶಂಕರ್ ಮಾಡುತ್ತಿದ್ದ ಡಾಕ್ಟರ್ ವಿಠಲ್ ರಾವ್‌ಗೆ ಅಜ್ಜಿ ದುರ್ಗಿಗುಡಿಯಲ್ಲೇ ಕ್ಲಿನಿಕ್ ಹಾಕಿಸಿದ್ದರು. ಮಂಜುಭಾಷಿಣಿಯ ಸಮಾಜಸೇವಕಿ ಲಲಿತಾಂಬ ನಮ್ಮ ವಾರ್ಡಿನ ಚರಂಡಿ ನೋಡಲು ಬಂದು ಭಾಷಣ ಮಾಡಿ ಹೋಗಿದ್ದರು.

ಅನುಮಾನ ಬಂದದ್ದು ನನಗೆ ತಡವಾಗಿ.

"ಅಜ್ಜೀ, ನಿಮ್ಮನೆಗೂ ನಮ್ಮನೆಗೂ ಒಂದೇ ಟ್ರಾನ್ಸ್‌ಫಾರ್ಮರ್. ನೀವು ಹೇಗೆ ನೋಡಿದ್ರಿ?"

"ಕರೆಂಟ್ ಇರ್ಲಿಲ್ಲ ಮಾರಾಯ, ನಿಜ. ಪಾಂಡು ಇದ್ನಲ್ಲ? ಅವನು ಏನ್ ಮಾಡ್ತಾನೆ ಅಂತ ನಂಗೊತ್ತಿಲ್ವಾ?"

ಹಾಸ್ಯ ಧಾರಾವಾಹಿಯ ಗುಟ್ಟೇ ಅದು. ಕಣ್ಣೀರಿನ ಧಾರಾವಾಹಿಯಲ್ಲಿ ನಾಳೆ ಏನಾಗುತ್ತದೋ ಗೊತ್ತಿಲ್ಲವೆಂದು ಕಾಯುತ್ತೇವೆ. ಪಾಂಡುವಿಗೆ ಏನಾಗುತ್ತದೆಂದು ಗೊತ್ತಿದ್ದೇ ಕಾಯುತ್ತಿದ್ದೆವು.

2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಅದೇ ಚಿದಾನಂದ್, ಅದೇ ಶಾಲಿನಿ ಮತ್ತೆ ಬಂದರು. ಅಷ್ಟರಲ್ಲಿ ಅಜ್ಜಿಯ ಮೊಮ್ಮಗ ಹಳೆಯ ಪಾಂಡುವಿನ ತುಣುಕುಗಳನ್ನೆಲ್ಲ ಮೊಬೈಲಿನಲ್ಲಿ ಹುಡುಕಿ ತೋರಿಸಿದ್ದ. ಅಜ್ಜಿ ಕನ್ನಡಕ ಏರಿಸಿ ಒಂದೊಂದನ್ನೂ ನೋಡಿದರು. ನಕ್ಕರು ಕೂಡ. ಮುಗಿದ ಮೇಲೆ ಮೊಬೈಲನ್ನು ಹಿಂದುಮುಂದು ತಿರುಗಿಸಿ ನೋಡಿ ನನ್ನನ್ನು ಕರೆದರು.

"ಚಪ್ಪಲಿ ಸ್ಟ್ಯಾಂಡಿಂದೇ ಇಲ್ವಲ್ಲೋ! ಒಳ್ಳೇದನ್ನೇ ಕತ್ತರಿಸಿಬಿಟ್ಟಿದ್ದಾರೆ ನೋಡು, ಮುಂಡೇವು."